ತಲೆಗೆ ಬಿದ್ದ ‘ಸಣ್ಣ’ ಪೆಟ್ಟು: ಎಷ್ಟು ಜನರಿಗೆ, ಯಾರಿಗೆ?





ವಾರ್ಷಿಕ ವರದಿಯಲ್ಲಿ ಒಂದು ಆರೋಗ್ಯ ಲೇಖನ ಇರಬೇಕೆಂಬುದು ನಮ್ಮ ಟ್ರಸ್ಟ್‌ನ ರೂಢಿ. ಈ ಸಲದ ವಿಷಯವನ್ನು ನಾನೇ ಕೇಳಿ ಪಡೆದೆ. ವಿದ್ಯಾರ್ಥಿವೇತನ ಆಯ್ಕೆ ಸಮಿತಿಯಲ್ಲಿ ಕುಳಿತು ನಾನು ಮಾಡಿದ ಒಂದು ತಪ್ಪು ಅದಕ್ಕೆ ಕಾರಣ.

ಎರಡು ವರ್ಷದ ಹಿಂದಿನ ಮಾತು. ಮಾರತ್ತಹಳ್ಳಿಯ ಒಬ್ಬ ಹುಡುಗ, ವಾಣಿಜ್ಯ ವಿಭಾಗ, ಪ್ರಥಮ ಪಿಯುಸಿಯಲ್ಲಿ ಶೇ. 81 ಅಂಕ ಪಡೆದವನು. ದ್ವಿತೀಯ ಪಿಯುಸಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಶೇ. 47ಕ್ಕೆ ಇಳಿದಿದ್ದ. ವಿದ್ಯಾರ್ಥಿವೇತನ ನವೀಕರಣಕ್ಕೆ ಶೇ. 60 ಬೇಕೆಂಬುದು ನಿಯಮ. ಸಂದರ್ಶನಕ್ಕೆ ತಾಯಿ ಜೊತೆಗೆ ಬಂದಿದ್ದರು. ಹುಡುಗ ತಲೆ ತಗ್ಗಿಸಿ ಕುಳಿತಿದ್ದ. ಕೇಳಿದ ಪ್ರಶ್ನೆಗೆ ತಡವಾಗಿ ಉತ್ತರ ಕೊಡುತ್ತಿದ್ದ. ತಾಯಿ ಹೇಳಿದರು: “ಟೀಚರ್, ಆವತ್ತು ಸ್ಕೂಟರಿಂದ ಬಿದ್ದ ಮೇಲೆ ಇವನು ಮೊದಲಿನ ಹುಡುಗ ಅಲ್ಲ. ಓದೋಕೆ ಕೂತ್ರೆ ತಲೆನೋವು ಅಂತಾನೆ, ತಂಗಿ ಮೇಲೆ ಕೂಗಾಡ್ತಾನೆ.”

ನಾನು “ಮೊಬೈಲ್ ಕಿತ್ತಿಡಿಯಮ್ಮ, ಎಲ್ಲ ಸರಿಹೋಗುತ್ತೆ” ಎಂದೆ. ಫೈಲಿನಲ್ಲಿ ‘ಓದಿನಲ್ಲಿ ಆಸಕ್ತಿ ಕಡಿಮೆ’ ಎಂದು ಬರೆದು ಸಹಿ ಹಾಕಿದೆ. ವಿದ್ಯಾರ್ಥಿವೇತನ ನಿಂತಿತು. ಹುಡುಗ ಕಾಲೇಜು ಬಿಟ್ಟು ಒಂದು ಮೊಬೈಲ್ ಅಂಗಡಿ ಸೇರಿದ.

‘ಬಿದ್ದ ಮೇಲೆ’ ಎಂಬ ಎರಡು ಪದಗಳಲ್ಲಿ ತಾಯಿ ಕಾರಣವನ್ನು ಹೇಳಿಬಿಟ್ಟಿದ್ದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಾಠ ಹೇಳಿದ ನನಗೆ ಅದು ಕೇಳಿಸಲಿಲ್ಲ. ಅದು ಕೇಳಿಸಬೇಕಾದರೆ ಏನು ತಿಳಿದಿರಬೇಕು ಎಂಬುದೇ ಈ ಲೇಖನ.

ಏನಿದು ಲಘು ಪೆಟ್ಟು?

ಗಡಿಗೆಯಲ್ಲಿ ಹೆಪ್ಪುಗಟ್ಟಿದ ಮೊಸರನ್ನು ನೆನಪು ಮಾಡಿಕೊಳ್ಳಿ. ಗಡಿಗೆಯನ್ನು ಜೋರಾಗಿ ಕುಲುಕಿದರೆ ಗಡಿಗೆ ಒಡೆಯುವುದಿಲ್ಲ, ಒಳಗಿನ ಮೊಸರು ಅಲುಗಾಡುತ್ತದೆ. ನಮ್ಮ ಮೆದುಳೂ ತಲೆಬುರುಡೆಯೊಳಗೆ ಹಾಗೆಯೇ ಮೃದುವಾಗಿ ಕುಳಿತಿದೆ. ತಲೆ ರಸ್ತೆಗೋ ಗೋಡೆಗೋ ಬಡಿದಾಗ, ಕೆಲವೊಮ್ಮೆ ಬಡಿಯದೆ ಬರೀ ಜೋರಾಗಿ ಝಾಡಿಸಿದಾಗಲೂ, ಮೆದುಳಿನ ನರಕೋಶಗಳ ಕೆಲಸ ಸ್ವಲ್ಪ ಕಾಲ ಏರುಪೇರಾಗುತ್ತದೆ. ಇದಕ್ಕೆ ವೈದ್ಯರು ಕನ್ಕಷನ್ ಎಂದೋ ಮೈಲ್ಡ್ ಹೆಡ್ ಇಂಜುರಿ ಎಂದೋ ಹೇಳುತ್ತಾರೆ.

‘ಮೈಲ್ಡ್’ ಎಂಬುದನ್ನು ಅಳೆಯಲು ಒಂದು ಮಾಪನವಿದೆ. 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ವೈದ್ಯರು ರೂಪಿಸಿದ ಗ್ಲಾಸ್ಗೊ ಕೋಮಾ ಸ್ಕೇಲ್ ಅದು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲು ಚಲನೆಗೆ 6, ಒಟ್ಟು 15 ಅಂಕ. 13ರಿಂದ 15 ಬಂದರೆ ಲಘು, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ. ಲಘು ಪೆಟ್ಟಿನಲ್ಲಿ ಪ್ರಜ್ಞೆ ತಪ್ಪಿದರೂ ಅರ್ಧ ಗಂಟೆಯ ಒಳಗೆ ಮರಳುತ್ತದೆ. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಸ್ವಲ್ಪ ಹೊತ್ತು ಮಂಕು ಕವಿಯುವುದು, ಬಿದ್ದ ಕ್ಷಣ ನೆನಪಿಲ್ಲದಿರುವುದು, ‘ಏನಾಯ್ತು? ಎಲ್ಲಿದ್ದೀನಿ?’ ಎಂದು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು ಇದ್ದರೂ ಸಾಕು.

ಈ ಮಾಪನ ಮೊದಲ ದಿನ ಜೀವಕ್ಕೆ ಎಷ್ಟು ಅಪಾಯವಿದೆ ಎಂಬುದನ್ನು ಹೇಳುತ್ತದೆ. ಮುಂದಿನ ಮೂರು ತಿಂಗಳು ಮಗು ಲೆಕ್ಕ ಮಾಡಬಲ್ಲದೇ ಎಂಬುದನ್ನು ಹೇಳುವುದಿಲ್ಲ. ನಾವು ಎಡವುವುದು ಇಲ್ಲಿಯೇ.

ಎಷ್ಟು ಜನರಿಗೆ ಆಗುತ್ತದೆ?

ಈ ಲೆಕ್ಕಕ್ಕೆ ದೂರ ಹೋಗಬೇಕಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯ ಡಾ. ಜಿ. ಗುರುರಾಜ್ ಮತ್ತು ಅವರ ಸಂಗಡಿಗರು ಬೆಂಗಳೂರಿನಲ್ಲೇ ಅಧ್ಯಯನ ನಡೆಸಿದ್ದಾರೆ. ವರ್ಷಕ್ಕೆ ಪ್ರತಿ ಲಕ್ಷ ಜನರಲ್ಲಿ ಸುಮಾರು 150 ಮಂದಿಗೆ ಮೆದುಳಿಗೆ ಪೆಟ್ಟಾಗುತ್ತದೆ, ಸುಮಾರು 20 ಮಂದಿ ಸಾಯುತ್ತಾರೆ ಎಂದು ಅವು ತೋರಿಸಿದವು. 2002ರಲ್ಲಿ ಡಾ. ಗುರುರಾಜ್ ಇಡೀ ದೇಶದ ಚಿತ್ರವನ್ನು ಕೊಟ್ಟರು. ಅದರ ಪ್ರಕಾರ ಇಂಥ ಪೆಟ್ಟುಗಳಲ್ಲಿ ಸುಮಾರು ಶೇ. 60 ರಸ್ತೆ ಅಪಘಾತದಿಂದ, ಶೇ. 20ರಿಂದ 25 ಬೀಳುವುದರಿಂದ, ಶೇ. 10 ಹೊಡೆದಾಟ ಮತ್ತು ಹಿಂಸೆಯಿಂದ ಆಗುತ್ತವೆ.

ಇದು ಲಘು, ಮಧ್ಯಮ, ತೀವ್ರ ಎಲ್ಲವೂ ಸೇರಿದ ಲೆಕ್ಕ. ಇದರಲ್ಲಿ ಲಘುವಿನ ಪಾಲೆಷ್ಟು? ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರವೊಂದರ ತಜ್ಞರ ತಂಡ ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2004ರಲ್ಲಿ ವರದಿ ಕೊಟ್ಟಿತು. ಚಿಕಿತ್ಸೆಗೆ ಬರುವ ಮೆದುಳಿನ ಪೆಟ್ಟುಗಳಲ್ಲಿ ಶೇ. 70ರಿಂದ 90 ಲಘುವಾದವು ಎಂದು ಆ ತಂಡ ಹೇಳಿತು. ಅಂದರೆ ಹತ್ತರಲ್ಲಿ ಏಳಕ್ಕೆ ಕಡಿಮೆಯಿಲ್ಲ.

ಆ ವರದಿಯಲ್ಲಿ ಇನ್ನೂ ಮುಖ್ಯವಾದ ಒಂದು ಮಾತಿದೆ. ಆಸ್ಪತ್ರೆಯ ದಾಖಲೆಗಳಲ್ಲಿ ವರ್ಷಕ್ಕೆ ಲಕ್ಷಕ್ಕೆ 100ರಿಂದ 300 ಲಘು ಪೆಟ್ಟುಗಳು ಸಿಗುತ್ತವೆ. ಆದರೆ ಆಸ್ಪತ್ರೆಗೆ ಹೋಗದವರನ್ನೂ ಸೇರಿಸಿದರೆ ನಿಜವಾದ ಸಂಖ್ಯೆ 600ನ್ನು ಮೀರಬಹುದು ಎಂದು ತಂಡ ಅಂದಾಜು ಮಾಡಿತು.

ಈ ಅಂಕಿಗಳನ್ನು ನಮ್ಮ ಊರಿಗೆ ಹಚ್ಚಿ ನೋಡೋಣ. 2011ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ ದಾಟಿತ್ತು. ಲಕ್ಷಕ್ಕೆ 150ರಂತೆ ವರ್ಷಕ್ಕೆ 12,600 ಜನ. ಲಕ್ಷಕ್ಕೆ 600 ಎಂದು ಹಿಡಿದರೆ 50,400 ಜನ. ಇದು ಸಮೀಕ್ಷೆಯಲ್ಲ, ಸ್ಲೇಟಿನ ಮೇಲಿನ ಗುಣಾಕಾರ ಮಾತ್ರ. ಈಗ ಊರಿನ ಜನಸಂಖ್ಯೆ ಅದಕ್ಕಿಂತ ಬಹಳ ಹೆಚ್ಚಿದೆ. ಆದರೂ ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ಗಮನಿಸಿ. ಬಿದ್ದು, ಎದ್ದು, ಬಟ್ಟೆ ಕೊಡವಿಕೊಂಡು, ಯಾರೋ ಕೊಟ್ಟ ನೀರು ಕುಡಿದು ಮನೆಗೆ ಹೋದವರೆಲ್ಲ ಆ ಅಂತರದಲ್ಲಿದ್ದಾರೆ.

ಯಾರಿಗೆ ಆಗುತ್ತದೆ?

ಮೊದಲನೆಯವರು ದ್ವಿಚಕ್ರ ವಾಹನದ ಮೇಲಿರುವ ಯುವಕರು. ಗಂಡಸರಿಗೆ ಹೆಂಗಸರಿಗಿಂತ ಹೆಚ್ಚು, ಅದರಲ್ಲೂ ದುಡಿಯುವ ವಯಸ್ಸಿನವರಿಗೆ ಹೆಚ್ಚು. ಹೊರವರ್ತುಲ ರಸ್ತೆಯ ಸರ್ವಿಸ್ ರಸ್ತೆಯಲ್ಲಿ ಸಂಜೆ ಏಳು ಗಂಟೆಗೆ ನಿಂತು ನೋಡಿ. ಊಟದ ಚೀಲ ಬೆನ್ನಿಗೆ ಹಾಕಿಕೊಂಡು ಓಡುವ ಹುಡುಗರಲ್ಲಿ ನಮ್ಮ ವಿದ್ಯಾರ್ಥಿಗಳೂ ಇದ್ದಾರೆ. ಬೆಳಗ್ಗೆ ಕಾಲೇಜು, ಸಂಜೆ ಡೆಲಿವರಿ. ಬಿದ್ದರೂ ‘ಆರ್ಡರ್ ತಡವಾಯ್ತು’ ಎಂದು ಎದ್ದು ಹೋಗುತ್ತಾರೆ.

ಎರಡನೆಯವರು ಹಿಂದಿನ ಸೀಟಿನವರು. ನಮ್ಮ ಹೆಣ್ಣುಮಕ್ಕಳು ಬಹುಪಾಲು ಹಿಂದೆ ಕೂರುವವರು. ಒಂದೇ ಕಡೆ ಕಾಲು ಹಾಕಿ, ಮಡಿಲಲ್ಲಿ ಮಗುವನ್ನಿಟ್ಟುಕೊಂಡು, ಹಿಡಿದುಕೊಳ್ಳಲು ಕೈ ಬಿಡುವಿಲ್ಲದೆ ಕೂರುತ್ತಾರೆ. ಬುರ್ಖಾ ಅಥವಾ ದುಪಟ್ಟಾದ ಅಂಚು ಚಕ್ರಕ್ಕೆ ಸಿಕ್ಕಿ ಹಿಂದಕ್ಕೆ ಎಳೆದುಕೊಂಡು ಬಿದ್ದವರನ್ನು ನಾವೆಲ್ಲ ಕಂಡಿದ್ದೇವೆ. ಹಾಗೆ ಬಿದ್ದಾಗ ಮೊದಲು ನೆಲ ಮುಟ್ಟುವುದು ತಲೆಯ ಹಿಂಭಾಗ.

ಮೂರನೆಯವರು ಎತ್ತರದಲ್ಲಿ ಕೆಲಸ ಮಾಡುವವರು. ನಮ್ಮ ಸುತ್ತ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಸಾರುವೆ ಮೇಲೆ ಉತ್ತರ ಕರ್ನಾಟಕದಿಂದ, ಬಂಗಾಳದಿಂದ ಬಂದ ಕೂಲಿಯವರಿದ್ದಾರೆ, ಪೇಂಟರ್, ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಒಂದು ದಿನ ರಜೆ ಹಾಕಿದರೆ ಅಂದಿನ ಕೂಲಿ ಇಲ್ಲ. ಆದ್ದರಿಂದ ತಲೆಸುತ್ತಿದರೂ ಮರುದಿನ ಮತ್ತೆ ಸಾರುವೆ ಹತ್ತುತ್ತಾರೆ. ತಲೆಸುತ್ತು ಇರುವಾಗ ಎತ್ತರಕ್ಕೆ ಹತ್ತುವುದು ಎಂದರೆ ಎರಡನೇ ಸಲ ಬೀಳಲು ತಯಾರಾದಂತೆ.

ನಾಲ್ಕನೆಯವರು ಮನೆಯೊಳಗಿನವರು. ಮಹಡಿ ಮೆಟ್ಟಿಲು, ತಡೆಗೋಡೆ ಇಲ್ಲದ ತಾರಸಿ, ಮಂಚದಿಂದ ಬೀಳುವ ಮಕ್ಕಳು. ವುಝೂ ಮಾಡುವಾಗ ಒದ್ದೆ ನೆಲದಲ್ಲಿ ಜಾರುವ ದಾದಿ, ನಾನಿಯರು. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ವೃದ್ಧರಲ್ಲಿ ಸಣ್ಣ ಪೆಟ್ಟೂ ನಿಧಾನವಾಗಿ ಒಳಗೆ ರಕ್ತಸ್ರಾವ ಮಾಡಬಹುದು. ಅವರನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಐದನೆಯವರ ಬಗ್ಗೆ ನಾವು ಮಾತಾಡುವುದೇ ಇಲ್ಲ. ಮನೆಯಲ್ಲಿ ಪೆಟ್ಟು ತಿನ್ನುವ ಹೆಂಗಸರು ‘ಬಾತ್‌ರೂಮಿನಲ್ಲಿ ಜಾರಿದೆ’ ಎಂದೇ ಹೇಳುತ್ತಾರೆ. ಮೇಲೆ ಹೇಳಿದ ಶೇ. 10ರಲ್ಲಿ ಇವರೂ ಇದ್ದಾರೆ. ಮೊದಲ ಪೆಟ್ಟು ವಾಸಿಯಾಗುವ ಮುನ್ನ ಬೀಳುವ ಎರಡನೇ ಪೆಟ್ಟು ಮೆದುಳಿಗೆ ಹೆಚ್ಚು ಕೆಟ್ಟದ್ದು.

ಏಕೆ ಕಾಣಿಸುವುದಿಲ್ಲ?

ಕೈ ಮುರಿದರೆ ಪಟ್ಟಿ ಕಾಣುತ್ತದೆ, ಶಾಲೆಯಲ್ಲಿ ಎಲ್ಲರೂ ವಿಚಾರಿಸುತ್ತಾರೆ. ಲಘು ಮೆದುಳು ಪೆಟ್ಟಿಗೆ ಪಟ್ಟಿಯಿಲ್ಲ. ಸಿ.ಟಿ. ಸ್ಕ್ಯಾನ್ ಮಾಡಿಸಿದರೂ ಬಹುಪಾಲು ‘ನಾರ್ಮಲ್’ ಎಂದೇ ಬರುತ್ತದೆ. ರಕ್ತಸ್ರಾವ, ಮೂಳೆ ಮುರಿತ ಹುಡುಕಲು ಆ ಸ್ಕ್ಯಾನ್ ಬೇಕು. ನರಕೋಶಗಳ ಕೆಲಸದಲ್ಲಿ ಆದ ಏರುಪೇರು ಅದರಲ್ಲಿ ಕಾಣುವುದಿಲ್ಲ. ‘ನಾರ್ಮಲ್’ ಎಂಬ ಕಾಗದ ಹಿಡಿದು ಮನೆಗೆ ಬಂದ ಮೇಲೆ, ತಲೆನೋವು ಎಂದರೆ ನೆಪ ಎನ್ನುತ್ತೇವೆ.

ಹೆಚ್ಚಿನವರು ಕೆಲವು ವಾರಗಳಲ್ಲಿ ಪೂರ್ತಿ ಚೇತರಿಸಿಕೊಳ್ಳುತ್ತಾರೆ, ಅಲ್‌ಹಮ್ದುಲಿಲ್ಲಾಹ್. ಆದರೆ ಒಂದಷ್ಟು ಜನರಿಗೆ ಮೂರು ತಿಂಗಳು ದಾಟಿದರೂ ತೊಂದರೆ ಉಳಿಯುತ್ತದೆ. ವಿದ್ಯಾರ್ಥಿಯಲ್ಲಿ ಅದು ಹೀಗೆ ಕಾಣುತ್ತದೆ: ಒಂದು ಪುಟ ಓದಿ ಮುಗಿಸುವಷ್ಟರಲ್ಲಿ ಮೊದಲ ಸಾಲು ಮರೆತಿರುತ್ತದೆ. ಕಪ್ಪುಹಲಗೆಯಿಂದ ನೋಟ್ಸ್ ಬರೆದುಕೊಳ್ಳುವಾಗ ಹಿಂದೆ ಬೀಳುತ್ತಾನೆ. ಟ್ಯೂಬ್‌ಲೈಟ್ ಬೆಳಕು, ತರಗತಿಯ ಗದ್ದಲ ಸಹಿಸಲಾಗುವುದಿಲ್ಲ. ರಾತ್ರಿ ನಿದ್ದೆಯಿಲ್ಲ, ಹಗಲು ತೂಕಡಿಕೆ. ಚಿಕ್ಕ ಮಾತಿಗೆ ಸಿಟ್ಟು ಅಥವಾ ಅಳು. ನಮ್ಮ ಹುಡುಗ ಆಮೇಲೆ ಹೇಳಿದ್ದು: ನಮಾಜಿನಲ್ಲಿ ಸಜ್ದಾಕ್ಕೆ ಬಾಗಿದಾಗ ತಲೆ ಸಿಡಿಯುತ್ತಿತ್ತಂತೆ. ಹೇಳಿದರೆ ಸೋಮಾರಿ ಎಂದಾರೆಂದು ಹೇಳಿರಲಿಲ್ಲ.

ಕ್ರಿಕೆಟ್ ನೋಡುವ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. 2020ರ ಡಿಸೆಂಬರಿನಲ್ಲಿ ಕ್ಯಾನ್‌ಬೆರಾದ ಟಿ-20 ಪಂದ್ಯದಲ್ಲಿ ರವೀಂದ್ರ ಜಡೇಜಾ ಹೆಲ್ಮೆಟ್ಟಿಗೆ ಚೆಂಡು ಬಡಿಯಿತು. ಅವರು ಓವರ್ ಮುಗಿಸಿ ಆಡಿದ್ದರೂ ಮುಂದಿನ ಇನ್ನಿಂಗ್ಸಿಗೆ ಇಳಿಯಲಿಲ್ಲ. ಅವರ ಬದಲು ಬಂದ ಯಜುವೇಂದ್ರ ಚಾಹಲ್ ಮೂರು ವಿಕೆಟ್ ತೆಗೆದು ಪಂದ್ಯಶ್ರೇಷ್ಠರಾದರು. ತಲೆಗೆ ಪೆಟ್ಟಾದವರಿಗೆ ಬದಲಿ ಆಟಗಾರನನ್ನು ಇಳಿಸುವ ನಿಯಮ 2019ರಲ್ಲೇ ಅಂತರರಾಷ್ಟ್ರೀಯ ಪಂದ್ಯಗಳಿಗೆ ಬಂದಿದೆ. ಆಟಗಾರನಿಗೆ ಸಿಗುವ ಈ ವಿಶ್ರಾಂತಿ ಪರೀಕ್ಷೆ ಬರೆಯುವ ಮಗುವಿಗೂ ಸಿಗಬೇಕು.

ಪೆಟ್ಟಾದಾಗ ಏನು ಮಾಡಬೇಕು?

ತಲೆಗೆ ಪೆಟ್ಟು ಬಿದ್ದ ಯಾರನ್ನಾದರೂ ಅದೇ ದಿನ ವೈದ್ಯರಿಗೆ ತೋರಿಸಿ. ಮೊದಲ ಇಪ್ಪತ್ತನಾಲ್ಕು ಗಂಟೆ ಒಬ್ಬರು ಜೊತೆಗಿರಿ. ಕೆಳಗಿನ ಯಾವುದು ಕಂಡರೂ 108ಕ್ಕೆ ಕರೆ ಮಾಡಿ, ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ:

— ಮತ್ತೆ ಮತ್ತೆ ವಾಂತಿ
— ಹೆಚ್ಚುತ್ತಲೇ ಹೋಗುವ ತಲೆನೋವು
— ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದ ಮಂಪರು
— ಫಿಟ್ಸ್
— ತೊದಲು ಮಾತು, ಒಂದು ಕೈ ಅಥವಾ ಕಾಲಿನಲ್ಲಿ ಶಕ್ತಿ ಇಲ್ಲದಿರುವುದು
— ಎರಡು ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ
— ಕಿವಿ, ಮೂಗಿನಿಂದ ರಕ್ತ ಅಥವಾ ನೀರಿನಂಥ ದ್ರವ

ಗಾಯಕ್ಕೆ ಕಾಫಿಪುಡಿ ಒತ್ತಬೇಡಿ, ಶುಭ್ರ ಬಟ್ಟೆಯಿಂದ ಅದುಮಿ ಹಿಡಿಯಿರಿ. ವೈದ್ಯರನ್ನು ಕೇಳದೆ ಆಸ್ಪಿರಿನ್ ಥರದ ನೋವಿನ ಮಾತ್ರೆ ಕೊಡಬೇಡಿ. ನಜರ್ ಆಗಿದೆ ಎಂದು ದಮ್ ಮಾಡಿಸಿ ಸುಮ್ಮನಾಗಬೇಡಿ. ದುಆ ಮಾಡೋಣ, ಜೊತೆಗೆ ಚಿಕಿತ್ಸೆಯನ್ನೂ ಮಾಡಿಸೋಣ. ವೈದ್ಯರು ನೋಡಿ ಅಪಾಯವಿಲ್ಲ ಎಂದ ಮೇಲೆ ನಿದ್ದೆ ಮಾಡಿದರೆ ತಪ್ಪಿಲ್ಲ, ನಿದ್ದೆ ಬೇಕು.

ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಲು ಹೆದರಬೇಕಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. 2025ರಲ್ಲಿ ಜಾರಿಯಾದ ಕೇಂದ್ರ ಸರ್ಕಾರದ ಯೋಜನೆಯಲ್ಲಿ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂ. ತನಕ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ. ಆಸ್ಪತ್ರೆಯಲ್ಲಿ ಕೇಳಿ.

ನಂತರ ಒಂದೆರಡು ದಿನ ಪೂರ್ತಿ ವಿಶ್ರಾಂತಿ. ಮೊಬೈಲ್, ಟಿ.ವಿ. ಕಡಿಮೆ. ವಾರಗಟ್ಟಲೆ ಕತ್ತಲ ಕೋಣೆಯಲ್ಲಿ ಮಲಗಿಸುವುದು ಬೇಡ, ಅದರಿಂದ ಉಪಯೋಗವಿಲ್ಲ. ಮೊದಲು ಸಣ್ಣ ನಡಿಗೆ, ಹದಿನೈದು ನಿಮಿಷ ಓದು, ಆಮೇಲೆ ಅರ್ಧ ದಿನ ಕಾಲೇಜು, ನಂತರ ಪೂರ್ತಿ ದಿನ. ತಲೆನೋವು ಹೆಚ್ಚಾದರೆ ಒಂದು ಹೆಜ್ಜೆ ಹಿಂದೆ ಬನ್ನಿ. ಪೂರ್ತಿ ವಾಸಿಯಾಗುವವರೆಗೆ ಆಟ, ಬೈಕು, ಸಾರುವೆ ಬೇಡ. ನಮ್ಮ ದೀನ್ ಕೂಡ ರೋಗಿಗೆ ಕುಳಿತು ನಮಾಜು ಮಾಡಲು, ರೋಝಾವನ್ನು ಮುಂದಕ್ಕೆ ಹಾಕಲು ಅವಕಾಶ ಕೊಟ್ಟಿದೆ. ತಿಂಗಳಾದರೂ ತೊಂದರೆ ಹೋಗದಿದ್ದರೆ ನಿಮ್ಹಾನ್ಸ್‌ನಂಥ ಕಡೆ ತಜ್ಞರಿಗೆ ತೋರಿಸಿ. ನೆನಪು, ಏಕಾಗ್ರತೆಗಳನ್ನು ಪರೀಕ್ಷಿಸಿ ತರಬೇತಿ ಕೊಡುವ ವ್ಯವಸ್ಥೆ ಅಲ್ಲಿದೆ.

ಒಂದು ಪರೀಕ್ಷೆ ತಪ್ಪಿದರೆ ವರ್ಷವೇ ಹೋಯಿತೆಂದು ತಿಳಿಯಬೇಡಿ. ನಮ್ಮ ರಾಜ್ಯದಲ್ಲಿ ಎಸ್‌.ಎಸ್‌.ಎಲ್‌.ಸಿ. ಮತ್ತು ದ್ವಿತೀಯ ಪಿಯುಸಿಗೆ ಪರೀಕ್ಷೆ-1ರ ನಂತರವೂ ಅದೇ ವರ್ಷ ಮತ್ತೆ ಬರೆಯುವ ಅವಕಾಶವಿದೆ.

ಹೆಲ್ಮೆಟ್ ವಿಷಯ

ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ತೀರಿಕೊಂಡರು. ಅವರಲ್ಲಿ 50,029 ಮಂದಿ ಹೆಲ್ಮೆಟ್ ಇಲ್ಲದ ಸವಾರರು ಮತ್ತು ಹಿಂಬದಿಯವರು. ಒಳ್ಳೆಯ ಹೆಲ್ಮೆಟ್ ತಲೆಪೆಟ್ಟಿನ ಅಪಾಯವನ್ನು ಸುಮಾರು ಶೇ. 70ರಷ್ಟು ಇಳಿಸುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಐ.ಎಸ್‌.ಐ. ಗುರುತಿರುವ, ಕಿವಿ ಮುಚ್ಚುವ, ಪಟ್ಟಿ ಬಿಗಿದ ಹೆಲ್ಮೆಟ್ ಬೇಕು. ಪೊಲೀಸರಿಗೆ ತೋರಿಸಲು ಇಡುವ ಬಟ್ಟಲಿನಂಥ ಟೋಪಿ ಸಾಲದು.

ಶುಕ್ರವಾರ ಮತ್ತು ರಂಜಾನಿನ ರಾತ್ರಿಗಳಲ್ಲಿ ನಮಾಜಿನ ಟೋಪಿಯಲ್ಲೇ ಮೂವರು ಒಂದು ಬೈಕಿನಲ್ಲಿ ಹೋಗುವುದನ್ನು ದಿನವೂ ನೋಡುತ್ತೇವೆ. ಟೋಪಿ ಜೇಬಿನಲ್ಲಿರಲಿ, ಮಸೀದಿಯ ಬಾಗಿಲಲ್ಲಿ ಹಾಕಿಕೊಳ್ಳಬಹುದು. ಹೆಣ್ಣುಮಕ್ಕಳು ಹಿಜಾಬಿನ ಮೇಲೂ ಹೆಲ್ಮೆಟ್ ಹಾಕಬಹುದು. ಬುರ್ಖಾದ ಅಂಚನ್ನು ಮಡಿಚಿ ಕೂರಬೇಕು, ವಾಹನಕ್ಕೆ ಸೀರೆ ಗಾರ್ಡ್ ಇರಬೇಕು.

ಆ ಹುಡುಗ ಮತ್ತು ನಮ್ಮ ಅರ್ಜಿ ನಮೂನೆ

ಹುಡುಗ ಬಿದ್ದದ್ದು ಆಗಸ್ಟ್ ತಿಂಗಳ ಮಳೆಯಲ್ಲಿ. ಟ್ಯೂಷನ್ ಮುಗಿಸಿ ಚಿಕ್ಕಪ್ಪನ ಮಗನ ಸ್ಕೂಟರಿನ ಹಿಂದೆ ಕುಳಿತು ಮುನ್ನೇಕೊಳಾಲದ ಕಡೆಯಿಂದ ಮನೆಗೆ ಬರುತ್ತಿದ್ದ. ಹೆಲ್ಮೆಟ್ ಇರಲಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಸ್ಕ್ಯಾನ್ ನಾರ್ಮಲ್ ಬಂತು. ಮುಂದೆ ಏನಾಗಬಹುದು ಎಂದು ಮನೆಯವರಿಗೆ ಯಾರೂ ಹೇಳಿರಲಿಲ್ಲ, ಅವರೂ ಕೇಳಲಿಲ್ಲ. ಮಾರ್ಚಿನಲ್ಲಿ ನಮ್ಮ ಟ್ರಸ್ಟ್‌ನ ಆರೋಗ್ಯ ಶಿಬಿರಕ್ಕೆ ತಾಯಿ ಬಿ.ಪಿ. ತೋರಿಸಲು ಬಂದಾಗ ಮಗನ ವಿಷಯ ಹೇಳಿದರು. ವೈದ್ಯೆ ಅವನನ್ನು ಕರೆಸಿ ಮೊದಲು ಕೇಳಿದ ಪ್ರಶ್ನೆ, “ಎಲ್ಲಾದರೂ ಬಿದ್ದಿದ್ದೆಯೇನಪ್ಪ?” ನಾನು ಪಕ್ಕದ ಮೇಜಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದೆ.

ಅವನನ್ನು ನಿಮ್ಹಾನ್ಸ್‌ಗೆ ಕಳಿಸಿದೆವು. ಜೂನಿನಲ್ಲಿ ಮತ್ತೆ ಕಾಲೇಜಿಗೆ ಸೇರಿಸಿದೆವು. ವಿದ್ಯಾರ್ಥಿವೇತನ ಮತ್ತೆ ಶುರುವಾಯಿತು. ಈ ವರ್ಷ ದ್ವಿತೀಯ ಪಿಯುಸಿಯಲ್ಲಿ ಶೇ. 68 ಅಂಕಗಳಿಂದ ತೇರ್ಗಡೆಯಾಗಿದ್ದಾನೆ. ಒಂದು ವರ್ಷ ಹೋಯಿತು. ಅದನ್ನು ಅವನಿಗೆ ಹಿಂದಿರುಗಿಸಲು ನಮ್ಮಿಂದ ಆಗುವುದಿಲ್ಲ. ಆ ಫೈಲಿನ ಷರಾವನ್ನು ನಾನು ಹೊಡೆದುಹಾಕಲಿಲ್ಲ, ಕೆಳಗೆ ‘ಇದು ತಪ್ಪು’ ಎಂದು ಬರೆದು ದಿನಾಂಕ ಹಾಕಿದ್ದೇನೆ.

ಸಮಿತಿ ಈ ವರ್ಷದಿಂದ ಮೂರು ಬದಲಾವಣೆ ಮಾಡಿದೆ. ನವೀಕರಣ ಅರ್ಜಿಯಲ್ಲಿ ‘ಕಳೆದ ಹನ್ನೆರಡು ತಿಂಗಳಲ್ಲಿ ತಲೆಗೆ ಪೆಟ್ಟಾಗಿದೆಯೇ?’ ಎಂಬ ಪ್ರಶ್ನೆ ಸೇರಿದೆ. ಹೌದು ಎಂದವರ ಅಂಕ ಶೇ. 60ಕ್ಕಿಂತ ಕಡಿಮೆ ಇದ್ದರೂ ವಿದ್ಯಾರ್ಥಿವೇತನ ತಕ್ಷಣ ನಿಲ್ಲುವುದಿಲ್ಲ, ವೈದ್ಯರ ಚೀಟಿ ನೋಡಿ ಒಂದು ವರ್ಷದವರೆಗೆ ಮುಂದುವರಿಸುತ್ತೇವೆ. ಎರಡು ಅಂಕಪಟ್ಟಿಗಳ ನಡುವೆ ದೊಡ್ಡ ಕುಸಿತ ಕಂಡರೆ, ಷರಾ ಬರೆಯುವ ಮೊದಲು ಮನೆಯವರನ್ನು ಕರೆದು ಕೇಳುತ್ತೇವೆ.

ಪೋಷಕರಲ್ಲಿ ಒಂದು ವಿನಂತಿ. ಆ ಪ್ರಶ್ನೆಗೆ ‘ಹೌದು’ ಎಂದು ಬರೆದರೆ ಮಗುವಿಗೆ ಕಳಂಕ ಬರುತ್ತದೆಂದು ಹೆದರಬೇಡಿ. ಮುಖ್ಯವಾಗಿ, ಹೆಣ್ಣುಮಕ್ಕಳ ವಿಷಯವನ್ನು ಮುಚ್ಚಿಡಬೇಡಿ. ಆ ಉತ್ತರ ಸಮಿತಿಯ ಬಳಿ ಅಮಾನತ್ತಾಗಿ ಇರುತ್ತದೆ.

ದಾನಿಗಳಲ್ಲೂ ಒಂದು ಮಾತು. ನೀವು ಕೊಟ್ಟ ಹಣ ಶೇ. 47 ಪಡೆದ ವಿದ್ಯಾರ್ಥಿಗೆ ಹೋಗಿದ್ದನ್ನು ಮುಂದಿನ ವರ್ಷದ ಲೆಕ್ಕಪತ್ರದಲ್ಲಿ ಕಂಡರೆ, ಇನ್‌ಶಾ ಅಲ್ಲಾಹ್, ಅದಕ್ಕೊಂದು ಕಾರಣವಿರುತ್ತದೆ ಎಂದು ನಂಬಿ. ಈ ಸಲ ಕೆಲವರು ವಿದ್ಯಾರ್ಥಿವೇತನದ ಜೊತೆಗೆ ಹೆಲ್ಮೆಟ್‌ಗಳನ್ನೂ ಸದಖಾ ಆಗಿ ಕೊಡಲು ಮುಂದೆ ಬಂದಿದ್ದಾರೆ. ದಯವಿಟ್ಟು ಎರಡೆರಡು ಕೊಡಿ. ಹಿಂದೆ ಕೂರುವವರಿಗೂ ತಲೆ ಇದೆ.